ಆರು ಗಿನಿಹಂದಿಗಳ ಎಡಗಣ್ಣು

ನನಗೆ ಕೂಡಿಬಂದಿದ್ದ ಮೂರು ಸಂಬಂಧಗಳು ತಪ್ಪಿಹೋದದ್ದು ರಕ್ತಭೇದಿಯಿಂದ. ಭೇದಿ ನನಗೂ ಆಗಿರಲಿಲ್ಲ, ಹುಡುಗರಿಗೂ ಆಗಿರಲಿಲ್ಲ. ಊರವರಿಗೆ ಆದದ್ದನ್ನು ಬಾಟ್ಲಿಯಲ್ಲಿ ತುಂಬಿಸಿಕೊಂಡು ಬಸ್ಸಿನಲ್ಲಿ ಮಣಿಪಾಲಕ್ಕೆ ತರುವುದು ನನ್ನ ಉದ್ಯೋಗವಾಗಿತ್ತು, ಅಷ್ಟೆ. ಅಮ್ಮ ಇನ್ನಂಜೆಯಲ್ಲಿ ಎಲ್ಲರ ಹತ್ತಿರ "ಮಗಳು ಮದ್ದು ಕಂಡುಹಿಡಿಯುವ ಕಡೆ ಇದ್ದಾಳೆ" ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಿದ್ದರು. ಕಾರ್ಕಳದಿಂದ ನನ್ನನ್ನು ನೋಡಲು ಬಂದವರಲ್ಲಿ ಹುಡುಗನ ಚಿಕ್ಕಮ್ಮ ಮಾತ್ರ ಬಿಡಲಿಲ್ಲ. "ಮದ್ದು ಅಂದರೆ ಎಂತದಕ್ಕೆ?" ಎಂದು ಕೇಳಿದರು. ಬೆಳಿಗ್ಗಿನಿಂದ ಸೀರೆಯ ನೆರಿಗೆ ಸರಿಯಾಗಿ ಕೂರದೆ ನನಗೆ ಸಿಟ್ಟು ಬಂದಿತ್ತು. ಎಂತದಕ್ಕೆ, ಅದನ್ನು ಹೇಗೆ ಸಂಗ್ರಹಿಸುತ್ತೇವೆ, ರಕ್ತವೂ ಸಿಂಬಳದಂಥದ್ದೂ ಇರುವ ಭಾಗವನ್ನೇ ಯಾಕೆ ಆರಿಸಿಕೊಳ್ಳಬೇಕು ಎಂದು ಒಂದೂ ಬಿಡದೆ ವಿವರಿಸಿದೆ. ನಾನೇ ಮಾಡಿದ್ದ ಕಾಫಿ ಐದು ಲೋಟಗಳಲ್ಲಿ ಹಾಗೆಯೇ ತಣ್ಣಗಾಯಿತು. ಬನ್ಸನ್ನು ಕೂಡ ಯಾರೂ ಮುಟ್ಟಲಿಲ್ಲ. ಅವರು ಹೋದ ಮೇಲೆ ಅಮ್ಮ ತಣ್ಣಗಾದ ಕಾಫಿಯನ್ನು ಚೆಲ್ಲಲು ಒಳಗೆ ಒಯ್ದರು. ನಾನು ಎರಡು ಬನ್ಸ್ ಹೆಚ್ಚಿಗೆ ತಿಂದೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಮಣಿಪಾಲದ ಇಳಿಜಾರಿನಲ್ಲಿ ಹಂಚಿನ ಮಾಡಿನ ಒಂದು ಬಾಡಿಗೆ ಕಟ್ಟಡದಲ್ಲಿ ನಮ್ಮ ಸಣ್ಣ ಪ್ರಯೋಗಾಲಯ ಇತ್ತು. ಯಾವುದೋ ಧರ್ಮಾರ್ಥ ಸಂಸ್ಥೆಯವರು ನಡೆಸುತ್ತಿದ್ದದ್ದು. ಅದು ಈಗ ಇಲ್ಲ, ಆ ಕಟ್ಟಡವೂ ಇಲ್ಲ. ಒಳಗೆ ಇದ್ದವರು ಮುಖ್ಯವಾಗಿ ಇಬ್ಬರು. ಒಬ್ಬರು ಡಾಕ್ಟ್ರು. ಐವತ್ತೆಂಟರ ವಯಸ್ಸು, ಸಕ್ಕರೆ ಕಾಯಿಲೆ, ತೆಳ್ಳಗಿನ ದೇಹ, ಮೂಗಿನ ತುದಿಯಲ್ಲಿ ಸದಾ ಒಂದಿಷ್ಟು ಕೋಪ. ಇನ್ನೊಬ್ಬಳು ನಾನು, ಅವರ ಸಹಾಯಕಿ. ಅವರಿಗೆ ಬೇಕಾಗಿದ್ದದ್ದು ರಕ್ತಭೇದಿಗೆ ಒಂದು ಕುಡಿಯುವ ಲಸಿಕೆ. ಮಳೆ ಹಿಡಿಯಿತೆಂದರೆ ಬಾವಿಗೆ ಕೊಳೆನೀರು ಇಳಿದು ಮಕ್ಕಳು ಹೊಟ್ಟೆ ಹಿಡಿದುಕೊಂಡು ಬರುತ್ತಿದ್ದರು. ಮೊದಲೆಲ್ಲ ಮಾತ್ರೆಗೆ ಬಗ್ಗುತ್ತಿದ್ದ ಆ ಶಿಗೆಲ್ಲಾ ಎಂಬ ರೋಗಾಣು ಈಗೀಗ ಯಾವ ಮಾತ್ರೆಗೂ ಸೊಪ್ಪು ಹಾಕುತ್ತಿರಲಿಲ್ಲ. "ಬಂದ ಮೇಲೆ ಓಡಿಸಲಿಕ್ಕೆ ಆಗುವುದಿಲ್ಲ ಎಂದಾದರೆ, ಬರುವ ಮೊದಲೇ ಹೊಟ್ಟೆಗೆ ಅದರ ಪರಿಚಯ ಮಾಡಿಸಬೇಕು" ಎನ್ನುವುದು ಡಾಕ್ಟ್ರ ಮಾತು.

ಪರಿಚಯ ಮಾಡಿಸಬೇಕಾದರೆ ಮೊದಲು ಅದನ್ನು ಹಿಡಿಯಬೇಕಲ್ಲ, ಆ ಕೆಲಸ ನನ್ನದು. ಕಾಪು, ಸಂತೆಕಟ್ಟೆ, ಅಜೆಕಾರು ಎಂದು ಬಸ್ಸು ಹತ್ತಿ ಹೋಗಿ, ಕಾಯಿಲೆಯ ಮಗು ಇರುವ ಮನೆಯಲ್ಲಿ ಕುಳಿತು ಕಾಯುತ್ತಿದ್ದೆ. ನಾವು ಕೊಟ್ಟ ಬಾಟ್ಲಿಯಲ್ಲಿ ಕೊಟ್ಟರೆ ಮರ್ಯಾದೆಯಲ್ಲ ಎಂದು ಜನ ತಿಳಿದಿದ್ದರು. ಅಜೆಕಾರಿನ ಒಬ್ಬ ತಾಯಿ ಅದನ್ನು ತೊಳೆದ ಭರಣಿಗೆ ಹಾಕಿ, ಬಾಯಿಗೆ ಬಾಡಿಸಿದ ಬಾಳೆಲೆ ಮುಚ್ಚಿ, ಬಾಳೆನಾರಿನಿಂದ ಅಚ್ಚುಕಟ್ಟಾಗಿ ಬಿಗಿದು ಕೊಟ್ಟಿದ್ದಳು. ಬಸ್ಸಿನಲ್ಲಿ ಜಾಗ ಇರಲಿಲ್ಲ. ಮುಂದೆ ಕುಳಿತಿದ್ದ ಒಬ್ಬ ಹಿರಿಯರು ದಾಕ್ಷಿಣ್ಯದಿಂದ ಭರಣಿಯನ್ನು ಕಾರ್ಕಳದವರೆಗೂ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಇಳಿಯುವಾಗ "ಮಾವಿನ ಮಿಡಿ ಉಪ್ಪಿನಕಾಯಿಯಾ?" ಎಂದು ಕೇಳಿದರು. "ಹೌದು, ಸ್ವಲ್ಪ ಕೆಟ್ಟಿದೆ" ಎಂದೆ. ಸುಳ್ಳು ಹೇಳಿದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಹಿಡಿದ ಮೇಲೆ ಪಳಗಿಸಬೇಕು. ಗುಲಾಬಿ ಬಣ್ಣದ ಪಾಕ ಹೆಪ್ಪುಗಟ್ಟಿದ ಗಾಜಿನ ತಟ್ಟೆಯ ಮೇಲೆ ಶಿಗೆಲ್ಲಾ ಬಣ್ಣವಿಲ್ಲದ ಸಣ್ಣ ಚುಕ್ಕಿಗಳಾಗಿ ಬೆಳೆಯುತ್ತದೆ. ಇವತ್ತಿನ ತಟ್ಟೆಯಿಂದ ನಾಳೆಯ ತಟ್ಟೆಗೆ, ನಾಳೆಯದರಿಂದ ನಾಡಿದ್ದಿನದಕ್ಕೆ, ಭಾನುವಾರ ಬಿಡದೆ, ಅಷ್ಟಮಿ ದೀಪಾವಳಿ ಬಿಡದೆ ಅದನ್ನು ದಾಟಿಸುತ್ತಾ ಹೋಗಬೇಕು. ಜಗಳಗಂಟನನ್ನು ಮನೆಯಲ್ಲಿ ಕೂರಿಸಿ ಎರಡು ಹೊತ್ತೂ ಹೊಟ್ಟೆ ತುಂಬ ಬಡಿಸಿದರೆ ಕೊನೆಗೊಂದು ದಿನ ಜಗಳ ಮರೆತು ಸೋಮಾರಿಯಾಗುತ್ತಾನಲ್ಲ, ಆ ಉಪಾಯ. ಅಂಥ ಸೋಮಾರಿಯನ್ನು ಮಗುವಿಗೆ ಕುಡಿಸಿದರೆ ಕಾಯಿಲೆ ಬರುವುದಿಲ್ಲ. ಹೊಟ್ಟೆ ಮಾತ್ರ ಅದರ ಮುಖ ನೆನಪಿಟ್ಟುಕೊಳ್ಳುತ್ತದೆ. ನಮ್ಮದು ಸಂತೆಕಟ್ಟೆಯ ಒಂದು ಮಗುವಿನಿಂದ ಬಂದ ತಳಿ. ಸಾವಿರಕ್ಕೂ ಹೆಚ್ಚು ಸಲ ನಾನು ಅದಕ್ಕೆ ತಟ್ಟೆ ಬದಲಿಸಿದ್ದೆ. ಗಂಡನಾಗುವವನಿಗೆ ಬಡಿಸಬೇಕಾದ ಊಟವನ್ನೆಲ್ಲ ಅದಕ್ಕೇ ಬಡಿಸಿದ್ದೇನೆ ಎಂದು ಅಮ್ಮನನ್ನು ರೇಗಿಸುತ್ತಿದ್ದೆ.

ಅದು ಸೋಮಾರಿಯಾಯಿತೋ ಇಲ್ಲವೋ ಎಂದು ತಿಳಿಯುವುದಕ್ಕೆ ಇದ್ದದ್ದು ಗಿನಿಹಂದಿಯ ಕಣ್ಣು. ಆರು ಗಿನಿಹಂದಿಗಳ ಎಡಗಣ್ಣಿಗೆ ಒಂದೊಂದು ಹನಿ ಹಾಕುವುದು, ಬಲಗಣ್ಣನ್ನು ಹೋಲಿಸಿ ನೋಡಲಿಕ್ಕೆ ಬಿಡುವುದು. ಮೂರನೆಯ ದಿನ ಎಡಗಣ್ಣು ಕೆಂಪಾಗಿ ಕೀವು ಕಟ್ಟಿದರೆ ರೋಗಾಣು ಇನ್ನೂ ಪುಂಡ. ಕಣ್ಣು ತಿಳಿಯಾಗಿದ್ದರೆ ಅದು ಪಳಗಿದೆ. ಮೊದಲ ಮೂರು ವರ್ಷ ನೋಡಿದಾಗಲೆಲ್ಲ ಕೆಂಪು. ನೋಡಿ ಬರೆದುಕೊಂಡು ಬರುವವಳು ನಾನು. ನನ್ನ ಮುಖ ನೋಡಿಯೇ ಡಾಕ್ಟ್ರು ಕುರ್ಚಿ ತಿರುಗಿಸಿಕೊಳ್ಳುತ್ತಿದ್ದರು.

ಇಲ್ಲಿ ನನ್ನ ಒಂದು ಬುದ್ಧಿವಂತಿಕೆಯನ್ನು ಹೇಳಿಬಿಡಬೇಕು. ಪ್ರತಿ ಸಲವೂ ಪಳಗಿಸಿದ ತಳಿಯ ಜೊತೆಗೆ, ಪಳಗಿಸದ ಮೂಲ ಪುಂಡನನ್ನೂ ಬೇರೆ ಎರಡು ಪ್ರಾಣಿಗಳ ಕಣ್ಣಿಗೆ ಹಾಕಿ ನೋಡುವುದು ಕ್ರಮ. ಅವು ಕೆಂಪಾದರೆ ಪರೀಕ್ಷೆ ಸರಿಯಾಗಿ ನಡೆದಿದೆ ಎಂದು ಅರ್ಥ. ಪ್ರಾಣಿಗಳಿಗೆ ಬರಗಾಲವಿದ್ದ ಕಾಲ. "ಮೂಲ ತಳಿ ಕೆಂಪು ಮಾಡುತ್ತದೆ ಎಂದು ಗೊತ್ತೇ ಇದೆಯಲ್ಲ ಸರ್, ಸುಮ್ಮನೆ ಎರಡನ್ನು ಯಾಕೆ ಹಾಳು ಮಾಡುವುದು?" ಎಂದು ನಾನೇ ಹೇಳಿದೆ. ಡಾಕ್ಟ್ರು ಸ್ವಲ್ಪ ಯೋಚಿಸಿ ಒಪ್ಪಿದರು. ಹೌದಲ್ಲ, ಎಷ್ಟು ಚುರುಕು ನಾನು ಎಂದು ಆ ದಿನ ಹೆಮ್ಮೆಪಟ್ಟಿದ್ದೆ.

ಅದೇ ಸುಮಾರಿಗೆ ಪ್ರಾಣಿಗಳ ಶೆಡ್ಡನ್ನು ನೋಡಿಕೊಳ್ಳುತ್ತಿದ್ದವನನ್ನು ಡಾಕ್ಟ್ರು ಕೆಲಸದಿಂದ ತೆಗೆದರು. ಅವನು ಗೂಡಿನ ಬಾಗಿಲು ಹಾಕದೆ ಹೋದದ್ದರಿಂದ ಎರಡು ಗಿನಿಹಂದಿಗಳು ಬೆಕ್ಕಿನ ಪಾಲಾಗಿದ್ದವು. ಅವನ ಜಾಗಕ್ಕೆ ಕಾಪುವಿನಿಂದ ಬ್ಯಾರಿ ಸಮುದಾಯದ ಒಬ್ಬ ಮುಸ್ಲಿಂ ಹೆಂಗಸು ಬಂದರು. ಐವತ್ತು ದಾಟಿದ ವಿಧವೆ, ಅಳಿಯ ಗಲ್ಫಿನಲ್ಲಿ, ತಾನು ಮಗಳ ಜೊತೆ. ನಾವೆಲ್ಲ ಅವರನ್ನು ಉಮ್ಮ ಎಂದೇ ಕರೆಯುತ್ತಿದ್ದೆವು. ಹೆಸರಿನಲ್ಲಿ ಹಂದಿ ಇದೆಯೆಂದು ಅವರಿಗೆ ಕಷ್ಟವಾಗಬಹುದು ಎಂದು ನಾನೂ ಡಾಕ್ಟ್ರೂ ಮೊದಲೇ ಮಾತಾಡಿಕೊಂಡು, ಇವು ಮೊಲದ ಒಂದು ಜಾತಿ ಎಂದು ಹೇಳಿದೆವು. ಉಮ್ಮ ಒಂದನ್ನು ಎತ್ತಿ ತಿರುಗಿಸಿ ನೋಡಿ, "ಮೊಲ ಅಲ್ಲ, ಹಂದಿಯೂ ಅಲ್ಲ. ನೀವು ಎಂತ ಬೇಕಾದರೂ ಹೇಳಿ, ನನಗೆ ಇದು ಇಲಿಯ ಸಂಬಂಧಿಕ ಅಂತ ಕಾಣ್ತದೆ" ಎಂದರು. ಪ್ರಾಣಿಶಾಸ್ತ್ರದಲ್ಲಿ ಅವರಿಗೆ ಪೂರ್ಣ ಅಂಕ ಕೊಡಬೇಕಾಗಿತ್ತು. ನಾವು ಹಲ್ಲು ಕಿರಿದು ಹೊರಗೆ ಬಂದೆವು.

ಶೆಡ್ಡಿನ ಗೋಡೆಗೆ ನಾನು ದುಂಡಗಿನ ಅಕ್ಷರದಲ್ಲಿ ಬರೆದ ಒಂದು ಹಲಗೆ ತೂಗುಹಾಕಿದ್ದೆವು: ಪ್ರಾಣಿಗಳನ್ನು ಶುಚಿಯಾಗಿ ಇಡಿ. ಉಮ್ಮನಿಗೆ ಓದಲು ಬರುತ್ತಿರಲಿಲ್ಲ. ಒಂದು ದಿನ ಅದರಲ್ಲಿ ಎಂತ ಬರೆದಿದೆ ಎಂದು ಕೇಳಿದರು, ಓದಿ ಹೇಳಿದೆ. ಅದರಿಂದ ಆಚೆಗೆ ನಾವು ಅವರಿಗೆ ಏನನ್ನೂ ಹೇಳಲಿಲ್ಲ. ಹನಿ ಹಾಕುವ ದಿನ ನಾವಿಬ್ಬರೂ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಹೋಗಿ, ಹಾಕಿ, ಕೈ ತೊಳೆದು, ಕಾಫಿಗೆ ಹೋಗುತ್ತಿದ್ದೆವು. ಉಮ್ಮ ಮೂಲೆಯಲ್ಲಿ ಹುಲ್ಲು ಕೊಚ್ಚುತ್ತಾ ನೋಡುತ್ತಿದ್ದರು.

ಅವರು ಬಂದ ಎರಡನೆಯ ತಿಂಗಳು ಪವಾಡವಾಯಿತು. ಮೂರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಹೋಗಿ ನೋಡುತ್ತೇನೆ, ಆರು ಎಡಗಣ್ಣುಗಳೂ ತೊಳೆದ ನೇರಳೆಹಣ್ಣಿನ ಹಾಗೆ ಹೊಳೆಯುತ್ತಿವೆ. ನಾಲ್ಕನೆಯ ದಿನವೂ ಹಾಗೆಯೇ. ಡಾಕ್ಟ್ರು ನಂಬಲಿಲ್ಲ. ಮುಂದಿನ ತಿಂಗಳು ಮತ್ತೆ ಹಾಕಿದೆವು, ತಿಳಿ. ಅದರ ಮುಂದಿನ ತಿಂಗಳು ಹನಿಯನ್ನು ದಪ್ಪ ಮಾಡಿ ಹಾಕಿದೆವು, ಆಗಲೂ ತಿಳಿ. ಹೀಗೆ ಎಂಟು ತಿಂಗಳು. ಕೊನೆಗೆ ಸಕ್ಕರೆ ಕಾಯಿಲೆಯ ಮನುಷ್ಯ ಉಡುಪಿಯ ರಥಬೀದಿಯಿಂದ ಒಂದು ಸೇರು ಕಾಶಿ ಹಲ್ವಾ ತಂದು ನನ್ನ ಮೇಜಿನ ಮೇಲೆ ಇಟ್ಟು, "ನಮ್ಮ ಪುಂಡ ಸಾಧುವಾದ ಮಾರಾಯ್ತಿ" ಎಂದರು. ಅವರು ಹಾಗೆ ನಕ್ಕದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಉಮ್ಮನಿಗೂ ಒಂದು ತುಂಡು ಕೊಟ್ಟೆವು. ಯಾಕೆಂದು ಹೇಳಲಿಲ್ಲ.

ಮುಂದಿನ ಹೆಜ್ಜೆ, ಮನುಷ್ಯ ಕುಡಿದು ನೋಡುವುದು. ಬೇರೆಯವರಿಗೆ ಕೊಡುವ ಮೊದಲು ತಾನು ಕುಡಿಯಬೇಕು ಎಂಬುದು ಡಾಕ್ಟ್ರ ಹಠ. ಆ ವಯಸ್ಸಿನಲ್ಲಿ, ಆ ಸಕ್ಕರೆಯಲ್ಲಿ, ನಿಜವಾದ ರಕ್ತಭೇದಿ ಹಿಡಿದರೆ ಅವರು ಏಳುತ್ತಿರಲಿಲ್ಲ. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೆ ಗಿನಿಹಂದಿಗಳ ಕಣ್ಣು ಸುಳ್ಳು ಹೇಳುವುದಿಲ್ಲವಲ್ಲ. ಒಬ್ಬರಿಗಿಂತ ಇಬ್ಬರು ಕುಡಿದರೆ ವಾಸಿ ಎಂದು ನಾನೂ ಹೆಸರು ಕೊಟ್ಟೆ. ಸೋಮವಾರ ಬೆಳಿಗ್ಗೆ ಎಂದು ನಿಶ್ಚಯವಾಯಿತು. ಅಮ್ಮನಿಗೆ ಹೇಳಲಿಲ್ಲ, ಆ ವಾರ ಪೂರ್ತಿ ಬಂಗುಡೆ ಸಾರು ಮಾಡಿಸಿಕೊಂಡು ಉಂಡೆ.

ಶುಕ್ರವಾರ ಎದ್ದಾಗ ನನ್ನ ಎಡಗಣ್ಣು ಅಂಟಿಕೊಂಡಿತ್ತು. ನಮ್ಮ ಸಾಧುವೇ ನನ್ನ ಕಣ್ಣಿಗೆ ಹಾರಿದನೋ ಎಂದು ಒಂದು ಗಳಿಗೆ ಹೆದರಿದೆ. ಬಸ್ಸು ಹತ್ತಿದ ಮೇಲೆ ಸಮಾಧಾನವಾಯಿತು. ಕಂಡಕ್ಟರನೂ ಸೇರಿ ಅರ್ಧ ಬಸ್ಸಿಗೆ ಕೆಂಪುಕಣ್ಣು. ಊರಿಗೇ ಬಂದಿತ್ತು. ಶೆಡ್ಡಿನ ಬಾಗಿಲಲ್ಲಿ ಉಮ್ಮ ನನ್ನನ್ನು ತಡೆದರು.

"ಎಂತ ಮಗಳೇ, ಕಣ್ಣಿಗೆ ಎಂತ ಆಯ್ತು?"

"ಕೆಂಪುಕಣ್ಣು ಉಮ್ಮ. ಹತ್ತಿರ ಬರಬೇಡಿ, ನಿಮಗೂ ಹಿಡಿದೀತು."

"ಹಿಡಿದರೆ ಹಿಡಿಯಲಿ. ಇಲ್ಲಿ ಕೂತುಕೋ. ಎರಡು ದಿನದಲ್ಲಿ ಹೋಗ್ತದೆ ನೋಡು."

ಮೇವಿನ ಡಬ್ಬದ ಹಿಂದಿನಿಂದ ಒಂದು ಹಿತ್ತಾಳೆ ಬಟ್ಟಲು ತಂದರು. ಅದರಲ್ಲಿ ನಂದಿಬಟ್ಟಲಿನ ಬಿಳಿ ಹೂಗಳು ನೀರಿನಲ್ಲಿ ನೆನೆದಿದ್ದವು. ನಮ್ಮ ಕಡೆ ಕಣ್ಣು ನೋವಿಗೆ ಎಲ್ಲ ಮನೆಯಲ್ಲೂ ಮಾಡುವ ಮದ್ದು ಅದು, ನನ್ನ ಅಜ್ಜಿಯೂ ಮಾಡುತ್ತಿದ್ದರು. ಮೆತ್ತನೆಯ ಬಟ್ಟೆಯನ್ನು ಅದ್ದಿ ನನ್ನ ಕಣ್ಣಿಗೆ ಒತ್ತಿದರು. ತಂಪು ತಲೆಯೊಳಕ್ಕೆ ಇಳಿಯಿತು. ಸುಖದಲ್ಲಿ ಸುಮ್ಮನೆ ಮಾತಿಗೆಂದು ಕೇಳಿದೆ.

"ದಿನಾ ಮಾಡಿ ಇಡ್ತೀರಾ ಇದನ್ನು?"

"ದಿನಾ ಎಂತಕ್ಕೆ? ನೀವು ಹನಿ ಹಾಕುವ ದಿನ, ಮತ್ತೆ ಮೂರು ದಿನ. ಇವತ್ತು ಬಸ್ಸಿನಲ್ಲಿ ಎಲ್ಲರ ಕಣ್ಣು ನೋಡಿ ನನಗೇ ಇರಲಿ ಅಂತ ಮಾಡಿದ್ದು."

"ಹನಿ ಹಾಕುವ ದಿನ ಯಾರಿಗೆ?"

"ಇವಕ್ಕೆ" ಎಂದು ಗೂಡುಗಳ ಕಡೆ ಗಲ್ಲ ಎತ್ತಿ ತೋರಿಸಿದರು. "ನೀವು ಎಂತದೋ ಹಾಕಿ ಕಾಫಿಗೆ ಹೋಗ್ತೀರಿ. ಪಾಪ, ಅವು ಮುಂಗಾಲಿನಲ್ಲಿ ಮುಖ ಉಜ್ಜಿಕೊಳ್ತವೆ. ನಾನು ಕೂಡಲೇ ತೊಳೆದು ಬಿಡ್ತೇನೆ. ಬಂದ ತಿಂಗಳು ನೋಡಿದೆನಲ್ಲ, ಹೇಗೆ ಕೀವು ಬಂದಿತ್ತು. ಆಮೇಲೆ ಒಂದಕ್ಕಾದರೂ ಬಂತಾ? ನೀನೇ ದಿನಾ ನೋಡಿ ಬರೆದುಕೊಂಡು ಹೋಗ್ತಿ, ನಿನಗೆ ಗೊತ್ತಿಲ್ವಾ?"

ನನ್ನ ಒಂದು ಕಣ್ಣು ಬಟ್ಟೆಯಡಿ, ಇನ್ನೊಂದು ಗಿನಿಹಂದಿಗಳ ಮೇಲೆ. ಆರೂ ಹುಲ್ಲು ಮೆಲ್ಲುತ್ತಾ ನನ್ನನ್ನೇ ನೋಡುತ್ತಿದ್ದವು. ಎಂಟು ತಿಂಗಳ ದಾಖಲೆ ಪುಸ್ತಕ, ಒಂದು ಸೇರು ಹಲ್ವಾ, ಡಾಕ್ಟ್ರ ನಗು ಎಲ್ಲ ಆ ಹಿತ್ತಾಳೆ ಬಟ್ಟಲಿನಲ್ಲಿ ಕರಗಿಹೋಗಿದ್ದವು. ನಮ್ಮ ಪುಂಡ ಪಳಗಿರಲೇ ಇಲ್ಲವೋ ಏನೋ. ಅವನಿಗೆ ಕಣ್ಣಿನಲ್ಲಿ ಕೂರಲಿಕ್ಕೇ ಉಮ್ಮ ಬಿಟ್ಟಿರಲಿಲ್ಲ. ಉಮ್ಮನಿಗೆ "ಒಳ್ಳೆಯದಾಯ್ತು" ಎಂದು ಎದ್ದು ಬಂದೆ. ನನ್ನ ಕಣ್ಣು ಎರಡೇ ದಿನದಲ್ಲಿ ಸರಿಯಾಯಿತು. ಅದನ್ನೂ ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ.

ಕೂಡಲೇ ಹೋಗಿ ಡಾಕ್ಟ್ರಿಗೆ ಹೇಳಬೇಕಿತ್ತು. ಹೇಳದಿರಲಿಕ್ಕೆ ಮೂರು ಕಾರಣ ಜೋಡಿಸಿಕೊಂಡೆ. ಒಂದು, ಅವರ ಎದೆ ಒಡೆಯುತ್ತದೆ. ಎರಡು, ಬಾಗಿಲು ಹಾಕದವನನ್ನೇ ಬಿಡದ ಮನುಷ್ಯ ಉಮ್ಮನನ್ನು ಇಟ್ಟುಕೊಳ್ಳುವುದಿಲ್ಲ. ಇವೆರಡೂ ಜನರ ಮುಂದೆ ಹೇಳಬಹುದಾದ ಕಾರಣಗಳು. ನಿಜವಾದದ್ದು ಮೂರನೆಯದು. ಮೂಲ ತಳಿಯನ್ನೂ ಜೊತೆಗೆ ಹಾಕುತ್ತಿದ್ದರೆ ಆ ಕಣ್ಣುಗಳೂ ತಿಳಿಯಾಗಿಯೇ ಉಳಿದು ಮೊದಲ ತಿಂಗಳೇ ಗುಟ್ಟು ಬಯಲಾಗುತ್ತಿತ್ತು. ಅದನ್ನು ಬಿಡಿಸಿದವಳು ನಾನು. ನನ್ನ ಚುರುಕುತನ ಬಯಲಾಗುವುದು ನನಗೆ ಬೇಡವಾಗಿತ್ತು. ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಇದ್ದ ಹಾಗೆ.

ಶನಿವಾರ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಒಂದು ಪ್ರಯತ್ನ ಮಾಡಿದೆ. "ಸರ್, ಕುಡಿಯುವ ಮೊದಲು ಇನ್ನೊಂದೇ ಸಲ, ಮೂಲ ತಳಿಯನ್ನೂ ಹಾಕಿ ನೋಡುವಾ?"

"ಎಂಟು ತಿಂಗಳು ನೋಡಿದ್ದು ಸಾಲದಾ?" ಎಂದರು ಡಾಕ್ಟ್ರು. ಮಳೆಗಾಲದ ಒಳಗೆ ಏನಾದರೂ ತೋರಿಸದಿದ್ದರೆ ಪ್ರಯೋಗಾಲಯ ಮುಚ್ಚುತ್ತೇವೆ ಎಂದು ಸಂಸ್ಥೆಯವರು ಕಾಗದ ಬರೆದಿದ್ದರು. "ನಿನಗೆ ಹೆದರಿಕೆ ಆದರೆ ಕುಡಿಯಬೇಡ ಮಾರಾಯ್ತಿ. ನಾನೊಬ್ಬನೇ ಕುಡಿಯುತ್ತೇನೆ. ತೊಂದರೆ ಇಲ್ಲ."

ಹೆದರಿಕೆ ಎಂದದ್ದು ನನ್ನನ್ನು ಕೆರಳಿಸಿತು. "ಕುಡಿಯುತ್ತೇನೆ ಸರ್, ನಿಮಗಿಂತ ಒಂದು ಲೋಟ ಹೆಚ್ಚಿಗೆ ಕೊಡಿ" ಎಂದು ಬಾಗಿಲು ದೂಡಿಕೊಂಡು ಬಂದೆ. ಬಂದ ಮೇಲೆ ಅಂಗಳದಲ್ಲಿ ನಿಂತು ನನ್ನ ನಾಲಗೆಗೆ ನಾನೇ ಬೈದುಕೊಂಡೆ. ಅತ್ತ ದರಿ, ಇತ್ತ ಪುಲಿ.

ಭಾನುವಾರ ತಟ್ಟೆ ಬದಲಿಸಲು ನಾನೊಬ್ಬಳೇ ಹೋಗುವ ದಿನ. ಸೋಮವಾರಕ್ಕೆ ಸಿದ್ಧಪಡಿಸಿದ್ದ ಎರಡು ಸಣ್ಣ ಬಾಟ್ಲಿಗಳು ಫ್ರಿಜ್ಜಿನಲ್ಲಿ ಇದ್ದವು, ಮೋಡದ ಬಣ್ಣದ ನೀರು. ಬಿಸಿನೀರಿನ ತೊಟ್ಟಿಯನ್ನು ಅರುವತ್ತು ಡಿಗ್ರಿಗೆ ಇಟ್ಟು, ಎರಡನ್ನೂ ಅದರಲ್ಲಿ ಮುಳುಗಿಸಿ, ಸ್ಟೂಲಿನ ಮೇಲೆ ಕುಳಿತು ಒಂದು ಗಂಟೆ ಗಡಿಯಾರ ನೋಡಿದೆ. ಗಂಜಿಗೆ ಕೂಡ ನಾನು ಅಷ್ಟು ಶ್ರದ್ಧೆಯಿಂದ ಕಾವಲು ಕುಳಿತವಳಲ್ಲ. ಸತ್ತ ರೋಗಾಣುವೂ ಬದುಕಿದ್ದರ ಹಾಗೆಯೇ ಕಾಣುತ್ತದೆ, ಅದೇ ಮೋಡದ ಬಣ್ಣ. ಬಾಟ್ಲಿಗಳನ್ನು ಒರೆಸಿ ಮೊದಲಿದ್ದ ಜಾಗದಲ್ಲೇ ಇಟ್ಟೆ. ಡಾಕ್ಟ್ರು ಬದುಕುತ್ತಾರೆ, ಉಮ್ಮನ ಕೆಲಸ ಉಳಿಯುತ್ತದೆ, ನನ್ನ ಮಾನವೂ ಉಳಿಯುತ್ತದೆ. ಎಂಥ ತಲೆ ನನ್ನದು ಎಂದುಕೊಂಡು, ಬಸ್ಸು ಹಿಡಿಯುವ ಮೊದಲು ಮಸಾಲೆ ದೋಸೆ ತಿಂದೆ.

ಸೋಮವಾರ ಡಾಕ್ಟ್ರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಹೊಟ್ಟೆಯ ಹುಳಿ ಲಸಿಕೆಯನ್ನು ಕೊಲ್ಲಬಾರದೆಂದು ಮೊದಲು ಸೋಡಾ ಪುಡಿ ಕದಡಿದ ನೀರು ಕುಡಿಯಬೇಕು. ಇಬ್ಬರೂ ಕುಡಿದು ತೇಗಿದೆವು. ಆಮೇಲೆ ಬಾಟ್ಲಿಯದನ್ನು ಲೋಟಕ್ಕೆ ಸುರಿದುಕೊಂಡೆವು. ಸತ್ತದ್ದನ್ನು ಹೊಟ್ಟೆಯ ಹುಳಿ ಮತ್ತೆ ಕೊಲ್ಲದಿರಲಿ ಎಂದು ಸೋಡಾ ಕುಡಿದೆವಲ್ಲ ಎಂದು ನನಗೆ ಒಳಗೊಳಗೇ ನಗು. ಡಾಕ್ಟ್ರು ಒಂದು ಗುಟುಕು ಬಾಯಲ್ಲಿ ನಿಲ್ಲಿಸಿ, ನುಂಗಿ, ಕಣ್ಣು ಮುಚ್ಚಿ ಹೇಳಿದರು: "ಜೀವ ಇರುವುದರ ರುಚಿಯೇ ಬೇರೆ, ಅಲ್ವಾ?"

"ಹೌದು ಸರ್" ಎಂದೆ. ನಗು ಮೂಗಿಗೆ ಬಂದು ಕೆಮ್ಮಿದೆ. ಅವರು ಗಾಬರಿಯಾಗಿ ನನ್ನ ಬೆನ್ನು ತಟ್ಟಿದರು.

ಮಂಗಳವಾರ ಇಬ್ಬರೂ ಗಟ್ಟಿಮುಟ್ಟು. ಪಾಪ, ಅವರು ಗಂಟೆಗೊಮ್ಮೆ ಬಂದು "ಹೊಟ್ಟೆ ಹೇಗುಂಟು?" ಎಂದು ವಿಚಾರಿಸುತ್ತಿದ್ದರು. ನಾನು ಗಂಭೀರವಾಗಿ "ಆರಾಮ" ಎಂದು ಬರೆಸುತ್ತಿದ್ದೆ. ಬುಧವಾರ ಬೆಳಿಗ್ಗೆ ಒಳಗೆ ಕರೆದರು. ಮೇಜಿನ ಮೇಲೆ ಒಂದು ಗುಲಾಬಿ ತಟ್ಟೆ ಇತ್ತು. ಅದರ ಮೇಲೆ ಒಂದು ಚುಕ್ಕಿಯೂ ಇರಲಿಲ್ಲ. ಅವರು ಏನೂ ಹೇಳುವ ಮೊದಲೇ ನನ್ನ ಕೈ ಸೆರಗನ್ನು ಸರಿಮಾಡಲು ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ.

"ಮೊನ್ನೆ ಲೋಟದ ತಳದಲ್ಲಿ ಉಳಿದದ್ದನ್ನು ತಟ್ಟೆಗೆ ಹಚ್ಚಿದ್ದೆ" ಎಂದರು. ಎಷ್ಟು ರೋಗಾಣು ಹೊಟ್ಟೆಗೆ ಹೋಯಿತೆಂದು ಎಣಿಸಲು ಯಾರಾದರೂ ಹಾಗೆ ಮಾಡಲೇಬೇಕು. ಇಡೀ ಉಪಾಯದಲ್ಲಿ ನಾನು ಮರೆತದ್ದು ಅದೊಂದೇ. "ಏನು ಕಾಣುತ್ತದೆ?"

"ಏನೂ ಇಲ್ಲ ಸರ್."

"ಕೋಟಿಗಟ್ಟಲೆ ಇರಬೇಕಿತ್ತು. ಬೇಯಿಸಿದೆಯಾ?"

"ಅರುವತ್ತು ಡಿಗ್ರಿ. ಒಂದು ಗಂಟೆ."

ಆಮೇಲೆ ಎಲ್ಲವನ್ನೂ ಹೇಳಿದೆ. ನನ್ನ ಕಣ್ಣು, ಹಿತ್ತಾಳೆ ಬಟ್ಟಲು, ಕಾಫಿಗೆ ಹೋದ ಕೂಡಲೇ ತೊಳೆದದ್ದು. ಮೂಲ ತಳಿ ಬಿಡೋಣ ಎಂದವಳು ನಾನು ಎಂಬುದನ್ನು ಕೊನೆಗೆ, ನೆಲ ನೋಡಿಕೊಂಡು ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. ಬೈಯುತ್ತಾರೆಂದು ಕಾದೆ. "ಹೇಳಿದವಳು ನೀನು. ಒಪ್ಪಿದವನು ನಾನು" ಎಂದರು. ಖಾಲಿ ತಟ್ಟೆಯನ್ನು ಎತ್ತಿ ನೋಡಿ, "ಜೀವ ಇರುವುದರ ರುಚಿ ಎಂದೆನಲ್ಲ ನಾನು" ಎಂದು ನಗಲು ಹೊರಟರು. ನಗು ಅರ್ಧಕ್ಕೆ ನಿಂತಿತು. ನಾಲ್ಕು ವರ್ಷದ ಕೆಲಸದಲ್ಲಿ ಎಂಟು ತಿಂಗಳು ಅವರು ಸಂತೋಷವಾಗಿದ್ದರು, ಆ ಎಂಟು ತಿಂಗಳನ್ನು ನಾನು ಈಗ ಕಿತ್ತುಕೊಂಡಿದ್ದೆ. ನನಗೆ ಅಳು ಬಂತು.

"ಬಾ" ಎಂದು ಅವರು ಎದ್ದರು. ಉಮ್ಮನನ್ನು ಕಳಿಸಿಬಿಡುತ್ತಾರೆ ಎಂದುಕೊಂಡು ಹಿಂದೆ ಹಿಂದೆ ಓಡಿದೆ. ಶೆಡ್ಡಿನಲ್ಲಿ ಅವರು ಮೇವಿನ ಡಬ್ಬದ ಮೇಲೆ ಕುಳಿತರು. ಉಮ್ಮ ಗೂಡು ಒರೆಸುತ್ತಿದ್ದರು.

"ಉಮ್ಮ, ನಾವು ಹನಿ ಹಾಕಿ ಎಷ್ಟು ಹೊತ್ತಿಗೆ ನೀವು ಕಣ್ಣು ತೊಳೆಯುವುದು?"

ಉಮ್ಮ ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ. "ನೀವು ಆ ತಿರುವು ದಾಟಿದ ಕೂಡಲೇ" ಎಂದರು.

"ಎಲ್ಲದಕ್ಕೂ?"

"ಎಲ್ಲದಕ್ಕೂ. ಒಂದಕ್ಕೆ ಮಾಡಿ ಇನ್ನೊಂದಕ್ಕೆ ಬಿಟ್ಟರೆ ಆಗ್ತದಾ ಡಾಕ್ಟ್ರೇ? ಅವಕ್ಕೂ ಗೊತ್ತಾಗ್ತದೆ." ಬಟ್ಟೆಯನ್ನು ಹಿಂಡಿ ನೇರವಾಗಿ ನಿಂತರು. "ಕೆಲಸದಿಂದ ತೆಗೆಯುದಾದರೆ ತೆಗೆಯಿರಿ. ನಾನು ಎಂತ ತಪ್ಪು ಮಾಡಿದೆ ಅಂತ ಮಾತ್ರ ಹೇಳಿ. ನೀವು ಅವುಗಳ ಕಣ್ಣಿಗೆ ಹಾಕುದು ಎಂತದು? ನನಗೆ ಯಾರೂ ಹೇಳಲಿಲ್ಲ."

ಡಾಕ್ಟ್ರು ಹೇಳಿದರು. ಮಳೆಗಾಲದಲ್ಲಿ ಮಕ್ಕಳಿಗೆ ರಕ್ತ ಹೋಗುತ್ತದಲ್ಲ, ಆ ಭೇದಿಯ ಹುಳ ಅದು; ಪಳಗಿಸುತ್ತಾ ಇದ್ದೇವೆ; ಕಣ್ಣು ಕೆಂಪಾಗದ ದಿನ ಅದು ಸಾಧುವಾಯಿತು ಎಂದು ತಿಳಿಯುವುದು; ಆಮೇಲೆ ಮಕ್ಕಳಿಗೆ ಕುಡಿಸಿದರೆ ಆ ಕಾಯಿಲೆ ಬರುವುದಿಲ್ಲ. ಹೇಳಲಿಕ್ಕೆ ಎರಡು ನಿಮಿಷವೂ ಬೇಕಾಗಲಿಲ್ಲ.

ಉಮ್ಮ ಗೂಡಿನ ಅಂಚು ಹಿಡಿದುಕೊಂಡರು. "ನನ್ನ ಮಗಳ ದೊಡ್ಡದು ಅದರಲ್ಲೇ ಹೋದದ್ದು" ಎಂದರು. "ನಾನು ಇಲ್ಲಿಗೆ ಬರುವ ಮೊದಲಿನ ಮಳೆಗಾಲ. ಮೂರೇ ದಿನ. ಮಾತ್ರೆ ಕೊಟ್ಟರು, ಕೇಳಲಿಲ್ಲ." ಆಮೇಲೆ ಧ್ವನಿ ಏರಿಸದೆ, ನಮ್ಮಿಬ್ಬರನ್ನೂ ನೋಡಿ ಹೇಳಿದರು: "ಮೊದಲೇ ಒಂದು ಮಾತು ಹೇಳಬಹುದಿತ್ತು ಡಾಕ್ಟ್ರೇ. ನಾನು ತೊಳೆಯುತ್ತಲೇ ಇರಲಿಲ್ಲ. ನಾನೇ ಹಿಡಿದು ಕೊಡ್ತಿದ್ದೆ."

ಓದು ಬಾರದವರಿಗೆ ಹೇಳಿದರೆ ಎಂತ ಅರ್ಥವಾಗುತ್ತದೆ ಎಂದು ಯೋಚಿಸಿದವಳು ಕೂಡ ಅಲ್ಲ ನಾನು. ಹೇಳಬೇಕೆಂದೇ ನನಗೆ ಹೊಳೆದಿರಲಿಲ್ಲ.

ಮರುದಿನ ನಾಲ್ಕು ಗಿನಿಹಂದಿಗಳಿಗೆ ಪಳಗಿಸಿದ ತಳಿ, ಎರಡಕ್ಕೆ ಮೂಲ ತಳಿ ಹಾಕಿದೆವು. ಉಮ್ಮ ಒಂದೊಂದನ್ನೇ ಮಡಿಲಲ್ಲಿ ಇಟ್ಟುಕೊಂಡು, ಕಿವಿಯ ಹಿಂದೆ ಸವರುತ್ತಾ, ಅಲುಗದ ಹಾಗೆ ಹಿಡಿದರು. ಹನಿ ಬೀಳುವಾಗ ತಾವು ಮುಖ ಆಚೆ ತಿರುಗಿಸಿಕೊಂಡರು. ಆ ದಿನ ನಾವು ಕಾಫಿಗೆ ಹೋಗಲಿಲ್ಲ.

ಮೂರನೆಯ ದಿನ ಹತ್ತಕ್ಕೆ ನಾನು ಪುಸ್ತಕ ಹಿಡಿದು ಹೊರಡುವಷ್ಟರಲ್ಲಿ ಉಮ್ಮನೇ ಮೆಟ್ಟಿಲು ಹತ್ತಿ ಬಂದರು. ಅವರು ಪ್ರಯೋಗಾಲಯದ ಕಡೆ ಬಂದದ್ದು ಅದೇ ಮೊದಲು. ಚಪ್ಪಲಿ ಹೊರಗೆ ಬಿಟ್ಟು ಬಾಗಿಲಲ್ಲಿ ನಿಂತರು. ಡಾಕ್ಟ್ರು ಕುರ್ಚಿಯಿಂದ ಎದ್ದರು.

"ಆರೂ ಕೆಂಪು, ಡಾಕ್ಟ್ರೇ" ಎಂದರು ಉಮ್ಮ. "ರಾತ್ರಿ ಮನೆಗೆ ಹೋದರೂ ಅವುಗಳ ಮುಖವೇ ಕಾಣ್ತಿತ್ತು. ಆದರೆ ನಾನು ತೊಳೆಯಲಿಲ್ಲ."